ಸರ್ಕಾರಿ ಆಸ್ಪತ್ರೆಯೋ, ನರ್ಸಿಂಗ್ ಹೋಮೋ?

ಶಿವಮೊಗ್ಗದಲ್ಲಿ ಸವಳಂಗ ರಸ್ತೆಯನ್ನು ಅರಿಯದವರಿಲ್ಲ. ಸವಳಂಗವನ್ನು ಕಂಡವರು ಮಾತ್ರ ಆ ಪಟ್ಟಣದಲ್ಲಿ ಅಷ್ಟು ಮಂದಿ ಇರಲಾರರು. ಶಿಕಾರಿಪುರದ ಕಡೆಗೆ ಹೊರಟ ಬಸ್ಸು ಸುಮಾರು 25 ಕಿಲೋಮೀಟರು ಸಾಗಿದ ಮೇಲೆ ದೊಡ್ಡದೊಂದು ಕೆರೆ ಕಾಣುತ್ತದೆ. ಅಲ್ಲಿಂದ ನ್ಯಾಮತಿ, ಹೊನ್ನಾಳಿಗಳ ದಾರಿ ಕವಲೊಡೆಯುತ್ತದೆ. ಆ ಕೂಡುರಸ್ತೆಯ ಊರೇ ಸವಳಂಗ. ಸುತ್ತಲೂ ಮೆಕ್ಕೆಜೋಳದ ಹೊಲಗಳು. ಅವುಗಳ ನಡುವೆ ವರ್ಷವರ್ಷಕ್ಕೆ ಹೆಚ್ಚುತ್ತಿರುವ ಅಡಿಕೆಯ ತೋಟಗಳು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ಹೊನ್ನಾಳಿ ತಾಲ್ಲೂಕು ಶಿವಮೊಗ್ಗದ ಕೈಬಿಟ್ಟು ಹೊಸ ಜಿಲ್ಲೆಗೆ ಸೇರಿತು. ಸವಳಂಗವೂ ಅದರೊಡನೆ ಹೋಯಿತು. 2018ರಿಂದ ಈಚೆಗೆ ಅದು ನ್ಯಾಮತಿ ತಾಲ್ಲೂಕಿನ ಗ್ರಾಮ. ಕಂದಾಯದ ಕಾಗದಕ್ಕೆ ದಾವಣಗೆರೆಯಾಯಿತು. ಕಾಯಿಲೆಗೆ ಮಾತ್ರ ಹಿಂದಿನಂತೆಯೇ ಶಿವಮೊಗ್ಗ. ಹತ್ತಿರದ ಊರನ್ನು ಬಿಟ್ಟು ದೂರದ ಊರಿಗೆ ರೋಗಿಯನ್ನು ಒಯ್ಯುವವರು ಯಾರು?

ಸವಳಂಗದಿಂದ ಹೊರಟವನು ಶಿವಮೊಗ್ಗವನ್ನು ಪ್ರವೇಶಿಸುವುದು ಈ ಸವಳಂಗ ರಸ್ತೆಯಿಂದಲೇ. ಪಟ್ಟಣದ ಮನೆಗಳು ಕಾಣತೊಡಗಿದ ಸ್ವಲ್ಪ ಹೊತ್ತಿಗೇ ನರ್ಸಿಂಗ್ ಹೋಮುಗಳ ಫಲಕಗಳು ಕಣ್ಣಿಗೆ ಬೀಳುತ್ತವೆ. ಒಂದು ವೃತ್ತಕ್ಕಂತೂ ಜನರ ಬಾಯಲ್ಲಿ ನರ್ಸಿಂಗ್ ಹೋಮಿನ ಹೆಸರೇ ನಿಂತುಹೋಗಿದೆ. ಸರ್ಕಾರದ ಮೆಗ್ಗಾನ್ ಆಸ್ಪತ್ರೆ ಇರುವುದು ಸಾಗರ ರಸ್ತೆಯಲ್ಲಿ. ಹಳ್ಳಿಯಿಂದ ಬಂದ ವಾಹನ ಎಲ್ಲಿಯೋ ಒಂದೆಡೆ ಈ ರಸ್ತೆಯಲ್ಲಿ ನಿಲ್ಲಬೇಕು, ಇಲ್ಲವೇ ಆ ರಸ್ತೆಗೆ ತಿರುಗಬೇಕು. ದೇಶದಲ್ಲೆಲ್ಲ ನಡೆಯುತ್ತಿರುವ ಒಂದು ದೊಡ್ಡ ವಾದ ಆ ತಿರುವಿನಲ್ಲಿ ಪ್ರತಿ ರಾತ್ರಿಯೂ ತೀರ್ಮಾನವಾಗುತ್ತಿರುತ್ತದೆ.

ಅಂಥ ಒಂದು ರಾತ್ರಿಯನ್ನು ವಾಚಕರು ಊಹಿಸಿಕೊಳ್ಳಬಹುದು. ಮನೆತನದ ಹೆಸರು ಬೇಕಿಲ್ಲ. ಅದು ಯಾರ ಮನೆಯಾದರೂ ಆದೀತು. ಎಪ್ಪತ್ತು ದಾಟಿದ ತಾಯಿ ಸಂಜೆ ಎಮ್ಮೆಗೆ ಹುಲ್ಲು ಹಾಕಲು ಹೋಗಿ ಕೊಟ್ಟಿಗೆಯಲ್ಲಿ ಕಾಲು ಜಾರಿ ಬಿದ್ದಿದ್ದಾರೆ. ಸೊಂಟದ ಕೆಳಗೆ ಕಾಲು ಎತ್ತಲಾಗದು. 108ರ ಗಾಡಿ ಅಂಗಳಕ್ಕೆ ಬಂದಿದೆ. ತಾಯಿಯನ್ನು ಮಂಚದ ಸಮೇತ ಎತ್ತಿ ತಂದ ಮಕ್ಕಳಿಬ್ಬರಿಗೆ ಈಗ ವಾಗ್ವಾದ.

“ಮೆಗ್ಗಾನಿಗೇ ಹೋಗೋಣ ಅಣ್ಣ. ಅಲ್ಲಿ ಡಾಕ್ಟರ ಕಾಲೇಜೇ ಇದೆ. ಎಂಥ ಮೂಳೆಯಾದರೂ ಜೋಡಿಸುತ್ತಾರೆ.”

“ಹಾಸಿಗೆ ಸಿಕ್ಕುವುದು ಎಂದು, ಆಪರೇಷನ್ ಆಗುವುದು ಎಂದು? ಅವ್ವನನ್ನು ಆ ಗದ್ದಲದಲ್ಲಿ ನಾಲ್ಕು ದಿನ ಮಲಗಿಸಲು ನನ್ನಿಂದಾಗದು.”

“ಹಾಗಾದರೆ ದುಡ್ಡು?” ಎಂದು ಹಿರಿಯ ಸೊಸೆ ಮೆಲ್ಲಗೆ ಕೇಳುತ್ತಾಳೆ. “ಜೋಳದ ದುಡ್ಡು ಸೊಸೈಟಿ ಸಾಲಕ್ಕೆ ಹೋಯಿತು. ಅಡಿಕೆ ಇನ್ನೂ ಮರದ ಮೇಲಿದೆ.”

ಒಳಗೆ ಮಲಗಿದ್ದ ಮುದುಕಮ್ಮ ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ: “ನನಗೋಸ್ಕರ ತೋಟ ಅಡವಿಡಬೇಡಿ ಕಣಪ್ಪ. ಧರ್ಮಾಸ್ಪತ್ರೆಗೇ ಹಾಕಿ.”

‘ಧರ್ಮಾಸ್ಪತ್ರೆ’ ಎಂಬ ಮಾತು ಈಗಿನ ಮಕ್ಕಳಿಗೆ ಅಪರಿಚಿತವಾಗುತ್ತಿದೆ. ಸರ್ಕಾರ ನಡೆಸುವ ಆಸ್ಪತ್ರೆಗೆ ಹಿಂದಿನ ತಲೆಮಾರಿನವರು ಇಟ್ಟ ಹೆಸರದು. ಛತ್ರ, ಅರವಟ್ಟಿಗೆಗಳ ಸಾಲಿಗೆ ಅವರು ಆಸ್ಪತ್ರೆಯನ್ನೂ ಸೇರಿಸಿದ್ದರು. ಅದರಲ್ಲಿ ಗೌರವವಿತ್ತು, ಜೊತೆಗೇ ಒಂದು ಕುಂದೂ ಇತ್ತು. ಧರ್ಮಕ್ಕೆ ಕೊಟ್ಟದ್ದನ್ನು ಹೀಗೆಯೇ ಬೇಕು ಎಂದು ಕೇಳುವಂತಿಲ್ಲ. ಕೊಟ್ಟಷ್ಟು ಪಡೆದು ಕೈಮುಗಿದು ಬರಬೇಕು. ತೆರಿಗೆಯ ಹಣದಿಂದ ನಡೆಯುವ ಆಸ್ಪತ್ರೆ ಯಾರ ಧರ್ಮವೂ ಅಲ್ಲ ಎಂಬ ಅರಿವು ಆ ಹೆಸರಿನ ನೆರಳಿನಲ್ಲಿ ಬಹುಕಾಲ ಮಂಕಾಗಿಯೇ ಉಳಿಯಿತು. ಹಣವುಳ್ಳವರು ಅದನ್ನು ಬಡವರ ಪಾಲೆಂದು ಬಿಟ್ಟುಕೊಟ್ಟರು. ಬಡವರು ತಮ್ಮ ಭಾಗ್ಯವಿಷ್ಟೇ ಎಂದು ಒಪ್ಪಿಕೊಂಡರು. ಕೇಳುವ ಬಾಯಿಗಳು ಹೊರಟುಹೋದ ಮೇಲೆ ಯಾವ ಸಂಸ್ಥೆಯೂ ಚೊಕ್ಕಟವಾಗಿ ಉಳಿಯುವುದು ಕಷ್ಟ.

ಸ್ವಾತಂತ್ರ್ಯದ ಮುನ್ನಾದಿನಗಳಲ್ಲಿ ಹಿರಿಯರ ಕನಸು ಬೇರೆಯೇ ಇತ್ತು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಹಣ ತೆರಲಾರನೆಂಬ ಕಾರಣಕ್ಕಾಗಿ ಯಾರಿಗೂ ಚಿಕಿತ್ಸೆ ತಪ್ಪಕೂಡದೆಂಬುದು ಅದರ ಮೂಲಸೂತ್ರ. ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರವೆಂಬ ಕಲ್ಪನೆಗೆ ಈ ದೇಶದಲ್ಲಿ ಗಟ್ಟಿಯಾದ ತಳಹದಿ ದೊರೆತದ್ದು ಅದರಿಂದಲೇ. ಎರಡು ವರ್ಷಗಳ ತರುವಾಯ, 1948ರ ಜುಲೈ 5ರಂದು, ಬ್ರಿಟನ್ ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿತು. ಲಕ್ಷಾಧಿಪತಿಗೂ ಗಣಿಯ ಕೂಲಿಗೂ ಒಂದೇ ಆಸ್ಪತ್ರೆ, ಬಿಲ್ಲಿಲ್ಲ. ಅಲ್ಲಿಯೂ ಖರ್ಚು ಮಿತಿಮೀರಿ 1952ರಲ್ಲಿ ಔಷಧಚೀಟಿಗೆ ಒಂದು ಷಿಲ್ಲಿಂಗ್ ಶುಲ್ಕ ವಿಧಿಸಬೇಕಾಯಿತು. ಆದರೂ ಆಸ್ಪತ್ರೆ ಮಾತ್ರ ಎಲ್ಲರದೂ ಆಗಿಯೇ ಉಳಿಯಿತು. ಭಾರತದಲ್ಲಿ ಆ ಕನಸಿನ ನಕ್ಷೆ ಉಳಿದು ಹಣ ಸೊರಗಿತು. ಒಟ್ಟು ದೇಶೀಯ ಉತ್ಪನ್ನದ ಶೇಕಡಾ 2.5ರಷ್ಟನ್ನು 2025ರ ವೇಳೆಗೆ ಸರ್ಕಾರಗಳು ಆರೋಗ್ಯಕ್ಕೆ ವೆಚ್ಚಮಾಡಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಗೊತ್ತುಮಾಡಿತು. 2021-22ರ ಲೆಕ್ಕದಲ್ಲಿ, ಅದೂ ಮಹಾಮಾರಿಯ ವರ್ಷಗಳ ವಿಶೇಷ ವೆಚ್ಚ ಸೇರಿ, ಮುಟ್ಟಿದ್ದು 1.84.

ಸರ್ಕಾರ ಕೊಡದಿದ್ದುದನ್ನು ಮನೆಯವರು ತೆತ್ತರು. ಕೇಂದ್ರದ ಮಾದರಿ ಸಮೀಕ್ಷೆಯವರು 2017-18ರಲ್ಲಿ ಹಳ್ಳಿಗಳ ಮನೆಮನೆಗೆ ಹೋಗಿ ಕೇಳಿದಾಗ, ಹೆರಿಗೆಯನ್ನು ಬಿಟ್ಟು, ಒಮ್ಮೆ ಒಳರೋಗಿಯಾಗಿ ದಾಖಲಾದದ್ದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಸರಾಸರಿ 4,290 ರೂಪಾಯಿ, ಖಾಸಗಿಯಲ್ಲಿ 27,347 ರೂಪಾಯಿ ಖರ್ಚಾಗಿತ್ತು. ಆರು ಪಟ್ಟಿಗೂ ಮಿಕ್ಕಿದ ಅಂತರ! ಆದರೂ ದಾಖಲಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸರ್ಕಾರಿ ಆಸ್ಪತ್ರೆಯನ್ನು ಬಿಟ್ಟು ಬೇರೆಡೆಗೆ ಹೋಗಿದ್ದರು. ಆರು ಪಟ್ಟು ಬೆಲೆ ತೆತ್ತು ಬೇರೆ ಅಂಗಡಿಗೆ ಹೋಗುವವರು ಮೂಢರೆಂದು ಹೇಳಿಬಿಡುವುದು ಸುಲಭ. ತಾಯಿ ನರಳುತ್ತಿರುವಾಗ ‘ನಾಳೆ ಬನ್ನಿ’ ಎಂಬ ಮಾತಿಗೆ ಬೆಲೆ ಕಟ್ಟಿ ನೋಡಿದವರು ಹಾಗೆ ಹೇಳಲಾರರು. ಸರ್ಕಾರಿ ಆಸ್ಪತ್ರೆಯಲ್ಲಿಯೂ 4,290 ರೂಪಾಯಿ ಖರ್ಚಾದದ್ದೇಕೆ ಎಂಬುದೂ ಅಷ್ಟೇ ಕೇಳತಕ್ಕ ಪ್ರಶ್ನೆ.

ಇಷ್ಟು ಹೇಳಿದ ಮೇಲೆ ಖಾಸಗಿ ಎಂಬ ಶಬ್ದವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಒಂದೇ ಫಲಕದ ಕೆಳಗೆ ಮೂರು ಬೇರೆ ಬೇರೆ ಮನೆಗಳಿವೆ. ಮೊದಲನೆಯದು ದಾನದ್ದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಿಂದ ಹೆಂಗಸರ, ಮಕ್ಕಳ ಶುಶ್ರೂಷೆಗೆ ಹೆಸರಾಗಿತ್ತು. ಅದು ಸರ್ಕಾರದ್ದಲ್ಲ, ಲಾಭದ್ದೂ ಅಲ್ಲ. ಎರಡನೆಯದು ಸಂಘದ್ದು. ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರವನ್ನು 1996ರಲ್ಲಿ ಡಾಕ್ಟರ್ ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ವಹಿಸಿಕೊಂಡಿತು. ಹಣ ಬಹುಮಟ್ಟಿಗೆ ಸರ್ಕಾರದ್ದು, ಆಡಳಿತ ಸಂಸ್ಥೆಯದು, ರೋಗಿಗೆ ಶುಲ್ಕವಿಲ್ಲ. ಅದರ ಯಶಸ್ಸು ಇತರ ಕೇಂದ್ರಗಳ ನಿರ್ವಹಣೆಗೂ ದಾರಿ ತೋರಿತು. ಮೂರನೆಯದು ವ್ಯಾಪಾರದ್ದು. ಅದರಲ್ಲಿಯೂ ಗಂಡಹೆಂಡಿರಿಬ್ಬರೂ ವೈದ್ಯರಾಗಿ ಇಪ್ಪತ್ತು ಹಾಸಿಗೆ ಇಟ್ಟುಕೊಂಡು ಊರಿನವರ ಮುಖ ನೋಡಿಯೇ ಬಿಲ್ಲು ಬರೆಯುವ ಪಟ್ಟಣದ ನರ್ಸಿಂಗ್ ಹೋಮು ಒಂದು. ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಾದ ಮಹಾನಗರದ ಹತ್ತಂತಸ್ತಿನ ಆಸ್ಪತ್ರೆ ಇನ್ನೊಂದು. ಎಲ್ಲವನ್ನೂ ಒಂದೇ ಕೋಲಿನಿಂದ ಹೊಡೆಯುವವರು ಒಳ್ಳೆಯವರನ್ನು ನೋಯಿಸುತ್ತಾರೆ. ದುಷ್ಟರಿಗೆ ಆ ಪೆಟ್ಟು ತಾಗುವುದೇ ಇಲ್ಲ.

ದಾವಣಗೆರೆಯಲ್ಲಿಯಂತೂ ಈ ಎಲ್ಲೆಗಳು ಎಂದೋ ಅಳಿಸಿಹೋಗಿವೆ. ಅಲ್ಲಿನ ಸರ್ಕಾರಿ ಜಿಲ್ಲಾ ಆಸ್ಪತ್ರೆ ಇಂದಿಗೂ ಚಿಗಟೇರಿ ಮನೆತನದ ಹೆಸರನ್ನು ಹೊತ್ತಿದೆ. 1965ರಲ್ಲಿ ಬಾಪೂಜಿ ವಿದ್ಯಾಸಂಸ್ಥೆಯವರು ಸ್ಥಾಪಿಸಿದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ತಲೆಮಾರುಗಳಿಂದ ರೋಗಪರೀಕ್ಷೆ ಕಲಿತದ್ದು ಆ ಸರ್ಕಾರಿ ವಾರ್ಡುಗಳಲ್ಲಿಯೇ. ಖಾಸಗಿ ಕಾಲೇಜಿಗೆ ರೋಗಿಗಳು ದೊರೆತರು. ಸರ್ಕಾರಿ ರೋಗಿಗಳಿಗೆ ನುರಿತ ಪ್ರಾಧ್ಯಾಪಕರ ಕೈ ದೊರೆಯಿತು. ಇದು ಕೊಡುಕೊಳ್ಳುವಿಕೆ. ಇದರಲ್ಲಿ ಯಾರು ಹೆಚ್ಚು ಪಡೆದರೆಂದು ತೂಗಿ ನೋಡುವ ಹಕ್ಕು ಸಾರ್ವಜನಿಕರಿಗೆ ಇದ್ದೇ ಇದೆ. 2025ರಲ್ಲಿ ವಿಜಯಪುರದಲ್ಲಿ, ವೈದ್ಯಕೀಯ ಕಾಲೇಜು ಸರ್ಕಾರದ್ದೇ ಆಗಬೇಕು, ಖಾಸಗಿಯವರ ಸಹಭಾಗಿತ್ವ ಬೇಡ ಎಂದು ಜನರು ಧರಣಿ ಕುಳಿತದ್ದು ಆ ತೂಕದ ಸಂಶಯದಿಂದಲೇ. ಜಿಲ್ಲಾ ಆಸ್ಪತ್ರೆಯ ಹಾಸಿಗೆಗಳು ಒಮ್ಮೆ ಕೈಬಿಟ್ಟರೆ ಮತ್ತೆ ಬಡವನ ಕೈಗೆ ಬಂದಾವೆಯೇ ಎಂಬುದು ಅವರ ಭೀತಿ. ಅದು ಹುಸಿ ಭೀತಿಯೆಂದು ತಳ್ಳಿಹಾಕುವಂತಿಲ್ಲ.

ಈ ನಡುವೆ ಸರ್ಕಾರವೇ ಖಾಸಗಿಯವರ ಗಿರಾಕಿಯಾಯಿತು. 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ‘ಯಶಸ್ವಿನಿ’ ಆರಂಭವಾದಾಗ ಸದಸ್ಯನ ಪಾಲು ತಿಂಗಳಿಗೆ ಐದು ರೂಪಾಯಿ. ಒಂದು ಲೋಟ ಕಾಫಿಯ ಬೆಲೆಗೆ ಹೃದಯದ ಶಸ್ತ್ರಚಿಕಿತ್ಸೆ ಎಂದು ಜನ ಬೆರಗಾದರು. 2010ರಲ್ಲಿ ಬಡತನದ ರೇಖೆಯ ಕೆಳಗಿನವರಿಗೆ ‘ವಾಜಪೇಯಿ ಆರೋಗ್ಯಶ್ರೀ’ ಬಂದಿತು. ಕ್ಯಾನ್ಸರು, ಹೃದ್ರೋಗ ಮುಂತಾದ ದುಬಾರಿ ಕಾಯಿಲೆಗಳಿಗೆ ಸರ್ಕಾರ ಹಣ ತೆರುವುದು. ಚಿಕಿತ್ಸೆ ಒಪ್ಪಂದ ಮಾಡಿಕೊಂಡ ಆಸ್ಪತ್ರೆಯಲ್ಲಿ. ಆ ಯೋಜನೆ ಇದ್ದ ಹಳ್ಳಿಗಳನ್ನೂ ಇನ್ನೂ ತಲುಪದಿದ್ದ ನೆರೆಯ ಹಳ್ಳಿಗಳನ್ನೂ ಹೋಲಿಸಿ ತಜ್ಞರು ನಡೆಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಆ ಕಾಯಿಲೆಗಳಿಂದಾಗುವ ಸಾವು ಯೋಜನೆ ಇದ್ದ ಕಡೆ ಶೇಕಡಾ 64ರಷ್ಟು ಕಡಿಮೆಯೆಂದು ಅದು ಕಂಡುಕೊಂಡಿತು. ಖಾಸಗಿ ಎಂದೊಡನೆ ಮುಖ ಸಿಂಡರಿಸುವವರು ಈ ಒಂದು ಸಂಖ್ಯೆಯನ್ನು ನೆನಪಿನಲ್ಲಿಡಬೇಕು. ಅವು ಬರಿಯ ಲೆಕ್ಕದ ಅಂಕಿಗಳಲ್ಲ. ಮನೆಗೆ ಮರಳಿ ಬಂದ ಅಪ್ಪಂದಿರು, ಅವ್ವಂದಿರು.

2018ರಲ್ಲಿ ಈ ಹಲವು ಯೋಜನೆಗಳು ಸೇರಿ ‘ಆರೋಗ್ಯ ಕರ್ನಾಟಕ’ವಾಗಿ, ಅದೇ ವರ್ಷ ಕೇಂದ್ರದ ‘ಆಯುಷ್ಮಾನ್ ಭಾರತ’ದೊಡನೆ ಒಂದುಗೂಡಿದವು. (ಯಶಸ್ವಿನಿ ಮಾತ್ರ 2022-23ರಲ್ಲಿ ಮತ್ತೆ ಬೇರೆಯಾಗಿ ತಲೆಯೆತ್ತಿತು.) ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ, ಸುಮಾರು 1,650 ಬಗೆಯ ಚಿಕಿತ್ಸೆಗಳ ಪಟ್ಟಿ. ಇತರ ಹಲವು ರಾಜ್ಯಗಳಲ್ಲಿ ಕಾರ್ಡು ಹಿಡಿದು ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಕರ್ನಾಟಕ ಹಾಗೆ ಮಾಡಲಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಅಲ್ಲಿಯ ವೈದ್ಯರು ಶಿಫಾರಸು ಚೀಟಿ ಬರೆದುಕೊಡಬೇಕು, ಆಮೇಲೆ ಖಾಸಗಿ. ಪ್ರಾಣಾಪಾಯದ ಸುಮಾರು 170 ತುರ್ತು ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಕಿಲ್ಲ.

ಈ ಚೀಟಿಯ ಮೇಲೆ ಬಂದ ಟೀಕೆಗಳು ಅಷ್ಟಿಷ್ಟಲ್ಲ. ರೋಗಿಯನ್ನು ಬಾಗಿಲಿಂದ ಬಾಗಿಲಿಗೆ ಅಲೆಸುವ ಕ್ರಮವಿದು ಎಂದು ಖಾಸಗಿ ವೈದ್ಯರೂ ಅಂದರು, ರೋಗಿಗಳೂ ಅಂದರು. ಅದರಲ್ಲಿ ಸತ್ಯವಿದೆ. ಆದರೆ ಚೀಟಿಯನ್ನು ತೆಗೆದುಹಾಕಿದರೆ ಏನಾದೀತು? ಸರ್ಕಾರದ ಹಣವೆಲ್ಲ ಸವಳಂಗ ರಸ್ತೆಯಲ್ಲಿಯೇ ನಿಂತುಬಿಟ್ಟೀತು. ಸಾಗರ ರಸ್ತೆಗೆ ತಿರುಗಲಾರದು. ರೋಗಿಗಳಿಲ್ಲದ ಆಸ್ಪತ್ರೆಗೆ ವೈದ್ಯರನ್ನು ಏಕೆ ನೇಮಿಸಬೇಕೆಂದು ಹಣಕಾಸಿನವರು ಕೇಳುವರು. ವೈದ್ಯರಿಲ್ಲದ ಆಸ್ಪತ್ರೆಗೆ ಏಕೆ ಹೋಗಬೇಕೆಂದು ರೋಗಿಗಳು ಕೇಳುವರು. ಕೆಲವೇ ವರ್ಷಗಳಲ್ಲಿ ಕಾರ್ಡು ಇದ್ದೂ ಇಲ್ಲದಂತಾಗುವುದು. ಏಕೆಂದರೆ ಕೊಳ್ಳುವವನಿಗೆ ಬೇರೆ ಅಂಗಡಿಯೇ ಇಲ್ಲವೆಂದು ತಿಳಿದ ಮೇಲೆ ಮಾರುವವನು ಬೆಲೆ ಇಳಿಸುವುದುಂಟೆ? ಸರ್ಕಾರಿ ಆಸ್ಪತ್ರೆ ತನ್ನೊಳಗೆ ಮಲಗಿದವರಿಗಷ್ಟೇ ಉಪಕಾರ ಮಾಡುವುದಿಲ್ಲ. ಅದರ ಮೆಟ್ಟಿಲನ್ನು ಎಂದೂ ತುಳಿಯದ, ನರ್ಸಿಂಗ್ ಹೋಮಿನ ವಿಶೇಷ ಕೊಠಡಿಯಲ್ಲಿ ಮಲಗಿದ ಗೃಹಸ್ಥನ ಬಿಲ್ಲನ್ನೂ ಅದು ದೂರದಿಂದಲೇ ಹಿಡಿದಿಡುತ್ತದೆ. ಬೆಂಗಳೂರಿನ ಮಧ್ಯಮವರ್ಗದವರು ತಮಗೂ ವಿಕ್ಟೋರಿಯಾ ಆಸ್ಪತ್ರೆಗೂ ಸಂಬಂಧವಿಲ್ಲವೆಂದು ಎಣಿಸುತ್ತಾರೆ. 1900ರಲ್ಲಿ ಬಾಗಿಲು ತೆರೆದ ಆ ಆಸ್ಪತ್ರೆ ಇಂದು ಮುಚ್ಚಿದರೆ ಸಂಬಂಧವೆಂಥದೆಂದು ಅವರಿಗೆ ತಿಂಗಳೊಳಗೆ ತಿಳಿದೀತು.

ಬೆಲೆಯ ಮಾತು ಬಂದಾಗ 2017ರ ನವೆಂಬರನ್ನು ಮರೆಯಲಾಗದು. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಗೆ ತಿದ್ದುಪಡಿ ತರಲು ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಹೊರಟರು. ದರಗಳನ್ನು ಸರ್ಕಾರ ಗೊತ್ತುಮಾಡುವುದು, ಮೀರಿದವರಿಗೆ ದಂಡ, ಸೆರೆವಾಸ—ಹೀಗಿತ್ತು ಮೊದಲ ಕರಡು. ವೈದ್ಯರು ಸಿಡಿದೆದ್ದರು. ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿದ್ದಾಗ ಸಾವಿರಾರು ಮಂದಿ ಅಲ್ಲಿ ಸೇರಿದರು. ರಾಜ್ಯದ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ದಿನಗಟ್ಟಲೆ ಬಾಗಿಲು ಹಾಕಿದವು. ಆಗ ಜನರು ಓಡಿದ್ದು ಎಲ್ಲಿಗೆ? ಧರ್ಮಾಸ್ಪತ್ರೆಗೆ. ಉಚ್ಚ ನ್ಯಾಯಾಲಯ ನಡುವೆ ಬಂದಿತು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಾತುಕತೆ ನಡೆಸಿದರು, ಮುಷ್ಕರ ನಿಂತಿತು. ಕಾಯಿದೆ ಅಂಗೀಕಾರವಾಗುವ ಹೊತ್ತಿಗೆ ಅದರ ಹಲ್ಲುಗಳಲ್ಲಿ ಕೆಲವು ಉದುರಿದ್ದವು. ಆದರೂ ರೋಗಿಗಳ ಹಕ್ಕುಗಳ ಪಟ್ಟಿ ಉಳಿಯಿತು. ತುರ್ತು ಸ್ಥಿತಿಯಲ್ಲಿ ಮುಂಗಡ ಹಣ ಕೇಳಕೂಡದು. ರೋಗಿ ತೀರಿಹೋದರೆ ಬಾಕಿಗಾಗಿ ಶವವನ್ನು ಹಿಡಿದಿಡಕೂಡದು ಎಂಬ ವಿಧಿಗಳು ಉಳಿದವು. ಹೆಣವನ್ನು ಬಿಟ್ಟುಕೊಡಲು ಶಾಸನ ಬೇಕಾಯಿತಲ್ಲ ಎಂದು ವ್ಯಥೆಪಟ್ಟವರಿದ್ದಾರೆ. ಶಾಸನವಾದರೂ ಆಯಿತಲ್ಲ ಎಂದು ಸಮಾಧಾನಪಟ್ಟವರೂ ಇದ್ದಾರೆ.

ವೈದ್ಯರ ಪಕ್ಷದಲ್ಲಿಯೂ ನ್ಯಾಯವಾದ ಒಂದು ಮಾತಿತ್ತು. ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿ ಸರ್ಕಾರಿ ಆಸ್ಪತ್ರೆಗಳನ್ನೂ ಅದೇ ಕಟ್ಟಳೆಗೆ ಒಳಪಡಿಸಬೇಕೆಂದಿತ್ತು. ಸರ್ಕಾರ ತನ್ನನ್ನು ಹೊರಗಿಟ್ಟುಕೊಂಡಿತು. ನೆರೆಯವನ ಅಂಗಳದ ಕಸ ಕಂಡವನು ತನ್ನ ಜಗಲಿಯನ್ನೂ ಗುಡಿಸಬೇಡವೆ? ಹಾಸಿಗೆಗೆ ಎಷ್ಟು ದಾದಿಯರು, ಔಷಧ ಮುಗಿದರೆ ಯಾರು ಹೊಣೆ, ದೂರಿಗೆ ಎಷ್ಟು ದಿನದಲ್ಲಿ ಉತ್ತರ ಎಂಬುದು ಮೆಗ್ಗಾನಿಗೂ ಅನ್ವಯಿಸಬೇಕಾದದ್ದೇ.

ಇನ್ನು ದರ ಕಟ್ಟುವುದು ಅಸಾಧ್ಯವೆಂಬ ವಾದ. ಅದು ಮೂರು ವರ್ಷ ಬಾಳಲಿಲ್ಲ. ಕೋವಿಡ್ ಮಹಾಮಾರಿ ಹಬ್ಬಿದಾಗ, 2020ರ ಜೂನ್‌ನಲ್ಲಿ, ಅದೇ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು. ಖಾಸಗಿ ಆಸ್ಪತ್ರೆಗಳ ಅರ್ಧದಷ್ಟು ಹಾಸಿಗೆ ಸರ್ಕಾರ ಕಳುಹಿಸುವ ರೋಗಿಗಳಿಗೆ. ಅವರಿಗೆ ಸಾಮಾನ್ಯ ವಾರ್ಡಿಗೆ ದಿನಕ್ಕೆ 5,200 ರೂಪಾಯಿ, ಉಸಿರಾಟದ ಯಂತ್ರದೊಡನೆ ತೀವ್ರ ನಿಗಾ ಘಟಕಕ್ಕೆ 10,000. ತಾವಾಗಿ ಹಣ ಕೊಟ್ಟು ಬರುವವರಿಗೆ 10,000 ಮತ್ತು 25,000. ಈ ದರಗಳು ಸಾಲವೆಂದು ಆಸ್ಪತ್ರೆಗಳು ಗೊಣಗಿದವು. ಎಲ್ಲೆಡೆಯೂ ಅವು ಪಾಲನೆಯಾದವೆಂದು ಯಾರೂ ಎದೆತಟ್ಟಿ ಹೇಳಲಾರರು. ಆದರೆ ಸರ್ಕಾರ ಮನಸ್ಸು ಮಾಡಿದರೆ ಬೆಲೆ ಬರೆಯಬಲ್ಲದು, ಬೆಲೆ ಬರೆದಮಾತ್ರಕ್ಕೆ ಆಸ್ಪತ್ರೆಗಳು ಕುಸಿಯುವುದಿಲ್ಲ ಎಂಬುದು ಹೊರಬಿದ್ದಿತು. ಆ ದಿನಗಳಲ್ಲಿಯೂ ಮೊದಲ ರೋಗಿಗಳನ್ನು ಒಳಗೆ ಕರೆದುಕೊಂಡದ್ದು ಸರ್ಕಾರಿ ಆಸ್ಪತ್ರೆಗಳೇ.

ಹಾಗಾದರೆ ಎರಡರಲ್ಲಿ ಯಾವುದು ಲೇಸು ಎಂದು ಕೇಳುವವರಿಗೆ, ಪ್ರಶ್ನೆ ಕೇಳಿದ ಕ್ರಮದಲ್ಲಿಯೇ ದೋಷವಿದೆ ಎನ್ನಬೇಕಾಗುತ್ತದೆ. ಎತ್ತು ಏರಿಗೆ ಎಳೆದು ಕೋಣ ನೀರಿಗೆ ಎಳೆದರೆ ಗಾಡಿ ಸಾಗುವುದಿಲ್ಲ. ಎರಡರ ಮೂಗುದಾರವೂ ಒಬ್ಬನ ಕೈಯಲ್ಲಿರಬೇಕು. ಆ ಕೈ ಬಲವಾಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹಣ, ವೈದ್ಯರು, ದಾದಿಯರು, ರಾತ್ರಿಯ ಹೊತ್ತೂ ತೆರೆದಿರುವ ಶಸ್ತ್ರಚಿಕಿತ್ಸಾ ಕೊಠಡಿ ಒದಗಬೇಕು. ಖಾಸಗಿಯವರಿಂದ ಕೊಳ್ಳುವುದು ಆಮೇಲಿನ ಮಾತು. ಕೊಂಡದ್ದಕ್ಕೆ ತಡಮಾಡದೆ ಹಣ ಸಲ್ಲಿಸುವುದೂ ಅದರೊಡನೆಯೇ ಬರುವ ಮಾತು. ಬಿಲ್ಲು ತಿಂಗಳುಗಟ್ಟಲೆ ಬಾಕಿ ಉಳಿದರೆ ಸಣ್ಣ ನರ್ಸಿಂಗ್ ಹೋಮಿನ ಸಜ್ಜನ ವೈದ್ಯನೂ ಕಾರ್ಡು ಕಂಡೊಡನೆ ‘ಹಾಸಿಗೆ ಇಲ್ಲ’ ಎನ್ನುವುದನ್ನು ಕಲಿಯುತ್ತಾನೆ.

ಸವಳಂಗದ ಅಂಗಳದಲ್ಲಿ ಅಷ್ಟು ಹೊತ್ತೂ ನಿಂತಿದ್ದ ಗಾಡಿಯಾದರೂ ಯಾರದು? 2008ರ ನವೆಂಬರ್ 1ರಿಂದ ಓಡುತ್ತಿರುವ 108ರ ‘ಆರೋಗ್ಯ ಕವಚ’ಕ್ಕೆ ಹಣ ಸರ್ಕಾರದ್ದು, ಅದನ್ನು ಓಡಿಸುತ್ತ ಬಂದದ್ದು ಒಪ್ಪಂದದ ಖಾಸಗಿ ಸಂಸ್ಥೆ. ಅಣ್ಣತಮ್ಮಂದಿರು ಸರ್ಕಾರಿಯೋ ಖಾಸಗಿಯೋ ಎಂದು ವಾದಿಸುತ್ತಿದ್ದುದು ಎರಡೂ ಆಗಿದ್ದ ಗಾಡಿಯ ಬಾಗಿಲು ಹಿಡಿದುಕೊಂಡು.

ಕಡೆಗೆ ತಾಯಿಯ ಮಾತೇ ನಡೆಯಿತೆಂದು ಇಟ್ಟುಕೊಳ್ಳೋಣ. ಗಾಡಿ ಕೆರೆಯನ್ನು ಹಿಂದೆ ಹಾಕಿ ಶಿವಮೊಗ್ಗದ ಕಡೆ ಓಡುತ್ತಿದೆ. ಸೊಸೆ ಮಡಿಲಲ್ಲಿ ಪಡಿತರ ಚೀಟಿ, ಆಧಾರ್, ಆರೋಗ್ಯದ ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಂಡಿದ್ದಾಳೆ. ಪಟ್ಟಣದ ದೀಪಗಳು ಕಾಣತೊಡಗಿದಾಗ ಹಿರಿಯ ಮಗ ಮೌನ ಮುರಿಯುತ್ತಾನೆ.

“ಅಲ್ಲಿ ಹಾಸಿಗೆ ಇಲ್ಲವೆಂದರೆ ಚೀಟಿ ಬರೆದುಕೊಡುತ್ತಾರೋ? ಇದು ತುರ್ತಿನ ಪಟ್ಟಿಯಲ್ಲಿ ಇದೆಯೋ, ಇಲ್ಲವೋ?”

ತಮ್ಮ ಸೊಸೆಯ ಮುಖ ನೋಡುತ್ತಾನೆ. ಸೊಸೆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾಳೆ. ಅದರ ಮೇಲೆ ಅತ್ತೆಯ ಹೆಸರಿದೆ, ಭಾವಚಿತ್ರವಿದೆ, ಒಂದು ಉದ್ದನೆಯ ಸಂಖ್ಯೆಯಿದೆ.